ಬಾಂಡ್ ಪೇಪರಿನ ಸೋಡಚೀಟಿ, ಮತ್ತ ‘ಬಿಟ್ಟು ಹೋದಾಕಿ’ ಅನ್ನೋ ಆರೋಪ: ಬಾಗಲಕೋಟಿ ಕಡೆ ಒಂದು ಕೇಸು

ಆಕಿ ನಮ್ಮ ವಕೀಲರ ಆಫೀಸಿಗೆ ಬಂದಾಗ ಕೈಯಾಗ ಎರಡು ಕಾಗದ ಇದ್ದವು. ಒಂದು ಕೋರ್ಟಿನ ನೋಟಿಸು, ಇನ್ನೊಂದು ಮಡಚಿ ಮಡಚಿ ಮೂಲಿ ಹರದಿದ್ದ ಬಾಂಡ್ ಪೇಪರ್, ಹಿರ್ಯಾರ ಮುಂದ ಬರಸಿದ ಸೋಡಚೀಟಿ, ಅಂದ್ರ ಗಂಡ ಹೆಂಡ್ತಿ ಬಿಡುಗಡಿ ಕಾಗದ. ‘ಅಕ್ಕಾರ, ನಮ್ದು ಸೋಡಚೀಟಿ ಆಗಿ ಎರಡು ವರ್ಷ ಆತ್ರಿ, ಈಗ್ಯಾಕ ಮತ್ತ ಕೋರ್ಟಿನ್ಯಾಗ ಕರದಾರ’ ಅಂತ ಕೇಳಿದ್ಲು. ಹಿಂದ ಆಕಿ ಅಪ್ಪ ನಿಂತಿದ್ದ, ಟವೆಲ್ ಕೈಯಾಗ ಹಿಡಕೊಂಡು, ಕುಂದರ್ರಿ ಅಂದ್ರೂ ಕುಂದರಲಿಲ್ಲ. ನೋಟಿಸಿನ್ಯಾಗ ಬರದಿದ್ದು ನಾ ಓದಿ ಹೇಳಿದೆ: ಎದುರುದಾರಳು ಯಾವುದೇ ಸಕಾರಣವಿಲ್ಲದೆ ಅರ್ಜಿದಾರನನ್ನು ತೊರೆದು ಹೋಗಿದ್ದಾಳೆ, ಅದಕ್ಕ ವಿವಾಹ ವಿಚ್ಛೇದನ ಕೊಡಬೇಕು. ಆಕಿ ಬಾಳೊತ್ತು ಸುಮ್ಮನಿದ್ದು, ‘ನಾ ಬಿಟ್ಟು ಬಂದಿಲ್ರಿ, ನನ್ನ ಕಳಿಸ್ಯಾರ್ರಿ’ ಅಂದ್ಲು. ಮುಂದ ಎರಡು ವರ್ಷ ನಡದ ಕೇಸೆಲ್ಲಾ ಈ ಒಂದು ಮಾತಿನ ಮ್ಯಾಲ ನಿಂತಿತ್ತು.

ಶುರು ಮಾಡೋಕಿನ ಮೊದಲ ಒಂದು ಮಾತು. ಹಿಂದೂ ವಿವಾಹ ಕಾಯ್ದೆ ಕಲಂ 22ರ ಪ್ರಕಾರ ಇಂಥ ಕೇಸು ಬಾಗಲಾ ಹಾಕ್ಕೊಂಡು ನಡೀಬೇಕು, ಒಳಗ ನಡದದ್ದನ್ನ ಹೊರಗ ಛಾಪಿಸೋಹಂಗಿಲ್ಲ. ಅದಕ್ಕ ನಾ ಇಲ್ಲಿ ಊರು, ತಿಂಗಳು, ದುಡ್ಡಿನ ಲೆಕ್ಕ ಬದಲಿ ಮಾಡೀನಿ, ಎರಡು ಮೂರು ಕೇಸಿನ್ಯಾಗ ಕಂಡ ಸಂಗತಿ ಒಂದರಾಗ ಕೂಡಿಸೀನಿ. ಯಾರ ಮನಿ ಇದು ಅಂತ ಹುಡುಕಾಕ ಹೋಗಬ್ಯಾಡ್ರಿ. ಕಾನೂನು ಹೆಂಗ ಕೆಲಸಾ ಮಾಡ್ತು ಅನ್ನೋದು ಮಾತ್ರ ಇದ್ದದ್ದ ಇದ್ದಂಗ ಐತಿ.

ಹುಡುಗಿ ತವರು ಕಲಾದಗಿ ಕಡೆ, ಅಪ್ಪ ಚಿಕ್ಕು ತೋಟದಾಗ ಕೂಲಿ. ಹುಡುಗ ಬನಹಟ್ಟಿ ಕಡ್ಯಾಂವ, ಮನ್ಯಾಗ ನಾಕು ಪವರ್‌ಲೂಮ್ ಮಗ್ಗ. 2018ರ ಮೇದಾಗ ಸಾಮೂಹಿಕ ಲಗ್ನದಾಗ ಇಬ್ಬರದೂ ಅಕ್ಕಿಕಾಳು ಬಿತ್ತು. 2019ರ ಕೊನಿಗೆ ಕುಬಸ ಮಾಡಿ ಚೊಚ್ಚಲ ಬಾಣಂತನಕ್ಕ ತವರಿಗೆ ಕರಕೊಂಡು ಬಂದ್ರು, ಫೆಬ್ರವರಿ 2020ರಾಗ ಹೆಣ್ಣು ಕೂಸು ಹುಟ್ಟಿತು. ಮಾರ್ಚಿನ್ಯಾಗ ಲಾಕ್‌ಡೌನ್. ತೊಟ್ಟಿಲಕ್ಕ ಗಂಡನ ಕಡ್ಯಾವರು ಯಾರೂ ಬರಲಿಲ್ಲ, ಬಂಡಿ ಬಸ್ಸು ಇರಲಿಲ್ಲ ಅಂತ ಇವರೂ ಮನಸಿಗೆ ತಗೊಳ್ಳಲಿಲ್ಲ. ಆದ್ರ ಲಾಕ್‌ಡೌನ್ ಸಡಲಾದ ಮ್ಯಾಲೂ ಬರಲಿಲ್ಲ, ಕಡೀಕ ಸೆಪ್ಟೆಂಬರಿನ್ಯಾಗ ಅಪ್ಪನ ಹೋಗಿ ಮಗಳನ್ನ, ಮೊಮ್ಮಗಳನ್ನ ಬಿಟ್ಟು ಬಂದ. ಅಲ್ಲಿ ಮಗ್ಗ ನಿಂತಿದ್ದವು, ನೂಲಿನ ಸಾವುಕಾರನ ಸಾಲ ಏರಿತ್ತು, ಮನ್ಯಾಗ ದಿನಾ ಜಗಳ. ಇದನ್ನ ನಾ ಬೇಕಂತಲೇ ಹೇಳಾಕತ್ತೀನಿ, ಯಾಕಂದ್ರ ಆ ಮನಿ ಮಂದಿ ರಾಕ್ಷಸರು ಅಂತ ನಾ ಹೇಳೂದಿಲ್ಲ, ಆ ವರ್ಷ ನೇಕಾರರ ಮನಿ ಪರಿಸ್ಥಿತಿ ಹಂಗಿತ್ತು. ಆದ್ರ ಬಡತನದ ಸಿಟ್ಟು ಬಾಣಂತಿ ಮ್ಯಾಲ ತೀರಿಸ್ಕೊಳ್ಳೋಹಂಗಿಲ್ಲ. ಹೆಣ್ಣು ಹಡದಾಕಿ ಅಂತ ಅತ್ತಿ ಮಾತು, ಮಗ್ಗದ ಸಾಲಕ್ಕ ತವರಿಂದ ಒಂದು ಲಕ್ಷ ತಗೊಂಬಾ ಅಂತ ಗಂಡನ ಮಾತು, ಎರಡು ಸಲ ಕೈ ಮಾಡಿದ್ದು. 2021ರ ಫೆಬ್ರವರಿದಾಗ ಒಂದಿನ ಸಂಜಿ ಮುಂದ ಕೂಸಿನ್ನ ಕಂಕುಳಾಗ ಕೊಟ್ಟು, ದುಡ್ಡು ತಗೊಂಡ ಬಾ, ಇಲ್ಲಂದ್ರ ಅಲ್ಲೇ ಇರು ಅಂತ ಬಸ್ ಹತ್ತಿಸ್ಯಾರ. ಲಗ್ನದಾಗ ಅಪ್ಪ ಕೊಟ್ಟಿದ್ದ ಹೊಲಿಗಿ ಮಿಷಿನ್ ಅಲ್ಲೇ ಉಳೀತು.

ಅಕ್ಟೋಬರಿನ್ಯಾಗ ಎರಡೂ ಕಡೆ ಹಿರ್ಯಾರು ಕೂಡಿದ್ರು. ಕೂಡಸಾಕ ಬಂದಾವರು ಬಿಡಿಸಿ ಹೋದ್ರು. ಬಾಂಡ್ ಪೇಪರ್ ತಂದು, ‘ನಾವಿಬ್ಬರೂ ರಾಜಿಖುಷಿಯಿಂದ ಬೇರೆ ಬೇರೆ ಆಗಿದ್ದು ಇನ್ನು ಮುಂದೆ ಒಬ್ಬರ ಮೇಲೆ ಒಬ್ಬರ ಹಕ್ಕು ಇರುವುದಿಲ್ಲ’ ಅಂತ ಬರಸಿ, ಒಂದೂವರಿ ಲಕ್ಷ ಕೊಡೋದು ಅಂತ ಮಾತಾಗಿ, ಐವತ್ತು ಸಾವಿರ ಕೈಯಾಗ ಕೊಟ್ಟು, ನೋಟರಿ ಶಿಕ್ಕಾ ಹೊಡಸ್ಯಾರ. ಸಹಿ ಮಾಡಲಿಲ್ಲಂದ್ರ ಕೂಸಿನ್ನ ನಾವ ಇಟ್ಕೋತೀವಿ ಅಂದಿದ್ದಕ್ಕ ಆಕಿ ಸಹಿ ಮಾಡ್ಯಾಳ. ಉಳದ ಒಂದು ಲಕ್ಷ ಬರಲೇ ಇಲ್ಲ.

ಮತ್ತ ಎರಡು ವರ್ಷ ಸುಮ್ಮನಿದ್ದಾಂವ 2023ರ ಡಿಸೆಂಬರಿನ್ಯಾಗ ಕೋರ್ಟಿಗೆ ಯಾಕ ಹೋದ? ಅಂವಗ ಇನ್ನೊಂದು ಕಡೆ ಹೆಣ್ಣು ನೋಡಿದ್ರು, ಆ ಹೆಣ್ಣಿನ ಮನ್ಯಾವರು ಶಾಣ್ಯಾರಿದ್ರು, ಬಾಂಡ್ ಪೇಪರ್ ನಡಿಯೂದಿಲ್ಲ, ಕೋರ್ಟಿನ ಡಿಕ್ರಿ ತಂದು ತೋರಸ್ರಿ ಅಂದಾರ. ಅವರು ಹೇಳಿದ್ದು ಖರೇ. ಬಾಂಡ್ ಪೇಪರ್ ನಂಬಿ ಲಗ್ನ ಆಗಿದ್ರ ಕಲಂ 11ರ ಪ್ರಕಾರ ಆ ಎರಡನೇ ಲಗ್ನ ಮೊದಲಿಂದನ ಶೂನ್ಯ, ಮ್ಯಾಲ ದ್ವಿಪತ್ನಿತ್ವದ ಕ್ರಿಮಿನಲ್ ಕೇಸು. ಕಲಂ 29(2)ರಾಗ ಸಮಾಜದ ರೂಢಿ ಪ್ರಕಾರ ಆಗೋ ಸೋಡಚೀಟಿ ಉಳಿಸ್ಯಾರ, ಅದು ನಿಜ, ಆದ್ರ ಆ ರೂಢಿ ನಮ್ಮ ಸಮಾಜದಾಗ ಹಿಂದಿಂದ ಬಿಡದ ನಡಕೋತ ಬಂದೈತಿ ಅಂತ ಕೋರ್ಟಿನ್ಯಾಗ ಹೇಳ್ಕೊಂಡು ಸಾಬೀತು ಮಾಡಬೇಕು. ನೋಟರಿ ಶಿಕ್ಕಾ ಬಿದ್ದ ಕೂಡ್ಲೇ ಲಗ್ನ ಮುರಿಯೂದಿಲ್ಲ. ನಮ್ಮ ಕಡೆ ಇಂಥ ಕಾಗದ ನಂಬಿ ಕುಂತ ಹೆಣ್ಮಕ್ಕಳು ಎಷ್ಟು ಮಂದಿ ಅದಾರೋ, ಅದನ್ನ ನೆನಸಿದ್ರ ನನಗ ರಾತ್ರಿ ನಿದ್ದಿ ಬರೂದಿಲ್ಲ.

ಈಗ ಅಂವ ಹಾಕಿದ ಪೆಟಿಷನ್. ಕಲಂ 13(1)ರಾಗ ಡೈವೋರ್ಸಿಗೆ ಕಾರಣ ಹೇಳ್ಯಾರ: ಲಗ್ನದ ಹೊರಗಿನ ಸಂಬಂಧ, ಕ್ರೌರ್ಯ, ಪರಿತ್ಯಾಗ ಅಂದ್ರ ಬಿಟ್ಟು ಹೋಗೋದು, ಮತಾಂತರ, ವಾಸಿ ಆಗದ ಮಾನಸಿಕ ಕಾಯಿಲಿ, ಅಂಟೋ ಗುಪ್ತರೋಗ, ಸನ್ಯಾಸ, ಏಳು ವರ್ಷ ಸುದ್ದಿ ಇಲ್ಲದ ಇರೋದು. ಕುಷ್ಠರೋಗ ಅಂತ ಒಂದಿತ್ತು, 2019ರಾಗ ತಗದ್ರು. ನಮ್ಮ ಕಡೆ ಮಂದಿ ಬಾಯಾಗ ಮಾತ್ರ ಒಂದ ಐತಿ, ಎರಡು ವರ್ಷ ಬ್ಯಾರೆ ಇದ್ರ ಡೈವೋರ್ಸ್ ತಾನಾಗೇ ಸಿಗತೈತಿ ಅಂತ. ಅದು ಪೂರ್ತಿ ತಪ್ಪು. ಎರಡು ವರ್ಷ ಬ್ಯಾರೆ ಇರೋದು ಅಲ್ಲ, ಎರಡು ವರ್ಷ ‘ಬಿಟ್ಟು ಹೋಗಿರೋದು’ ಬೇಕು, ಅದೂ ಪೆಟಿಷನ್ ಹಾಕೋಕಿನ ಹಿಂದಿನ ಎರಡು ವರ್ಷ ಸತತ. ಬಿಟ್ಟು ಹೋಗೋದು ಅಂದ್ರೇನು ಅಂತ ಕಲಮಿನ ಕೆಳಗ ವಿವರಣೆ ಐತಿ: ಸಕಾರಣ ಇಲ್ಲದ, ಮತ್ತ ಇನ್ನೊಬ್ಬರ ಒಪ್ಪಿಗಿ ಇಲ್ಲದ ಅಥವಾ ಅವರ ಇಚ್ಛಾಕ್ಕ ವಿರುದ್ಧ ಬಿಟ್ಟು ಹೋಗಿರಬೇಕು. ಬೇಕಂತಲೇ ಕಡೆಗಣಿಸೋದೂ ಅದರಾಗ ಬರತೈತಿ. ‘ಒಪ್ಪಿಗಿ ಇಲ್ಲದ’ ಅನ್ನೋ ಮಾತು ನೆನಪಿಟ್ಕೊರ್ರಿ, ಮುಂದ ಬೇಕಾಗತೈತಿ.

ಇದರಾಗ ನಮ್ಮ ಭಾಗಕ್ಕ ಹತ್ತಿದ ಒಂದು ಹಳೆ ಸಂಗತಿ ಐತಿ. 1955ರ ಈ ಹಿಂದೂ ವಿವಾಹ ಕಾಯ್ದೆ ಬರೋಕಿನ ಮೊದಲನ, ಬೆಳಗಾವಿ, ವಿಜಾಪುರ ಎಲ್ಲಾ ಮುಂಬೈ ಪ್ರಾಂತ್ಯದಾಗ ಇದ್ದಾಗ, 1947ರ ಬಾಂಬೆ ಹಿಂದೂ ಡೈವೋರ್ಸ್ ಆ್ಯಕ್ಟ್ ಇಲ್ಲಿಗೂ ಲಾಗೂ ಇತ್ತು, ಅದರಾಗ ಬಿಟ್ಟು ಹೋದದ್ದಕ್ಕ ನಾಕು ವರ್ಷ ಬೇಕಿತ್ತು. ಆ ಕಾಯ್ದೆ ಕೆಳಗ ಬಂದ ಬಿಪಿನ್‌ಚಂದ್ರ ಷಾ ಮತ್ತ ಪ್ರಭಾವತಿ ಕೇಸಿನ್ಯಾಗ 1956ರಾಗ ಸುಪ್ರೀಂ ಕೋರ್ಟ್ ಹೇಳಿದ್ದನ್ನ ಇವತ್ತಿಗೂ ಪರಿತ್ಯಾಗದ ಕೇಸಿನ್ಯಾಗೆಲ್ಲಾ ಓದ್ತಾರ: ಬ್ಯಾರೆ ಇರೋದು ಒಂದು ಸಾಬೀತಾಗಬೇಕು, ಸಂಸಾರ ಕಾಯಂ ಮುರಿಬೇಕು ಅನ್ನೋ ಮನಸ್ಸು ಇತ್ತು ಅನ್ನೋದು ಇನ್ನೊಂದು. ಅಲ್ಲಿ ಹೆಂಡ್ತಿ ತವರಿಗೆ ಹೋಗಿದ್ಲು, ಆದ್ರ ಬರಬ್ಯಾಡ ಅಂತ ನೋಟಿಸ್ ಕೊಡಿಸಿದಾಂವ ಗಂಡನ. ಕೋರ್ಟು ಗಂಡಗ ಡೈವೋರ್ಸ್ ಕೊಡಲಿಲ್ಲ. ಹೊಸ್ತಿಲಾ ದಾಟಿದಾವ್ರು ಯಾರು ಅನ್ನೋದಕಿಂತ ದಾಟೋಹಂಗ ಮಾಡಿದಾವ್ರು ಯಾರು ಅಂತ ಕೋರ್ಟು ನೋಡತೈತಿ.

ಆಕಿ ಬಂದಿದ್ದು ಉಚಿತ ಕಾನೂನು ನೆರವಿನ ಮೂಲಕ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಾಗ ಹೆಣ್ಮಕ್ಕಳಿಗೆ ಆದಾಯದ ಸರ್ಟಿಫಿಕೇಟ್ ಸೈತ ಬೇಕಿಲ್ಲ, ಹೆಣ್ಣು ಅನ್ನೋದ ಅರ್ಹತಾ. ಇದು ಭಾಳ ಮಂದಿಗೆ ಗೊತ್ತಿಲ್ಲ. ಊರಿನ್ಯಾಗ ಹಿರ್ಯಾರು ಆಕಿಗೆ ಕೋರ್ಟಿಗೆ ಹೋಗಬ್ಯಾಡ, ಹೋದ್ರ ಉಳದ ಒಂದು ಲಕ್ಷನೂ ಬರೂದಿಲ್ಲ ಅಂದಿದ್ರಂತ. ಹೋಗದ ಇದ್ದಿದ್ರ ಎಕ್ಸ್‌ಪಾರ್ಟಿ, ಅಂದ್ರ ಆಕಿ ಗೈರುಹಾಜರಿಯೊಳಗ ಏಕಪಕ್ಷೀಯ ಆಗಿ, ಅಂವ ಹೇಳಿದ್ದ ಖರೇ ಅಂತ ಡಿಕ್ರಿ ಬಿದ್ದು, ಬಿಟ್ಟು ಹೋದಾಕಿ ಅಂತ ಆಕಿ ಹೆಸರಿಗೆ ಕಾಯಂ ಬರಹ ಆಗತಿತ್ತು.

ನಮ್ಮ ಸೀನಿಯರ್ ಕೇಸು ತಗೊಂಡಾಗ ಮೊದಲು ಕೇಳಿದ್ದು, ‘ತಂಗಿ, ನಿನಗೇನು ಬೇಕವ್ವಾ?’ ಅಂತ. ವಕೀಲರು ಇದನ್ನ ಕೇಳೋದು ಕಡಿಮಿ, ಕೇಳಬೇಕು. ಆಕಿ, ‘ತಿರುಗಿ ಆ ಮನಿಗೆ ಹೋಗಂಗಿಲ್ರಿ ಸರ್. ಆದ್ರ ನಾ ಬಿಟ್ಟು ಬಂದಾಕಿ ಅಂತ ಬರೀಬ್ಯಾಡ್ರಿ’ ಅಂದ್ಲು. ಅಂದ್ರ ಆಕಿಗೂ ಡೈವೋರ್ಸ್ ಬೇಕು, ಆದ್ರ ಈ ಕಾರಣಕ್ಕಲ್ಲ. ಅಪ್ಪ ನಡುವ ಬಾಯಿ ಹಾಕಿ, ‘ವಕೀಲಸಾಹೇಬ್ರ, ಇಬ್ಬರೂ ಮೂರು ವರ್ಷದಿಂದ ಬ್ಯಾರೆ ಅದಾರ, ಸಂಸಾರ ಮುರದ ಹೋಗೇತಿ, ಅಷ್ಟ ಸಾಲೂದಿಲ್ಲೇನ್ರಿ?’ ಅಂದ. ಸಾಲೂದಿಲ್ಲ. ಸಂಸಾರ ಸರಿಪಡಿಸಲಾರದಂಗ ಮುರದೈತಿ ಅನ್ನೋದು ಕಲಂ 13ರಾಗ ಕಾರಣನ ಅಲ್ಲ. ಅದರ ಮ್ಯಾಲ ಡೈವೋರ್ಸ್ ಕೊಡೋ ಅಧಿಕಾರ ಸಂವಿಧಾನದ 142ನೇ ವಿಧಿ ಕೆಳಗ ಸುಪ್ರೀಂ ಕೋರ್ಟಿಗೆ ಮಾತ್ರ, 2023ರ ಮೇ 1ಕ್ಕ ಶಿಲ್ಪಾ ಶೈಲೇಶ್ ಕೇಸಿನ್ಯಾಗ ಸಂವಿಧಾನ ಪೀಠ ಅದನ್ನ ಸ್ಪಷ್ಟ ಮಾಡೇತಿ. ಫ್ಯಾಮಿಲಿ ಕೋರ್ಟು ಕಾಯ್ದೆದಾಗಿನ ಕಾರಣ ನೋಡ್ಕೊಂಡ ನಡೀಬೇಕು.

ದಾರಿ ಮೂರಿದ್ದವು. ಬರೇ ತಕರಾರು ಸಲ್ಲಿಸಿ ಅಂವನ ಅರ್ಜಿ ವಜಾ ಮಾಡಸೋದು, ಆದ್ರ ಆಕಿ ಕಾಗದದ ಮ್ಯಾಲ ಅಂವನ ಹೆಂಡ್ತಿ ಆಗೇ ಉಳೀತಾಳ. ಇಲ್ಲಾ ಕಲಂ 13ಬಿ ಪ್ರಕಾರ ಇಬ್ಬರೂ ಕೂಡಿ ಒಪ್ಪಿಗಿ ಡೈವೋರ್ಸ್ ತಗೊಳ್ಳೋದು, ಒಂದು ವರ್ಷ ಬ್ಯಾರೆ ಇದ್ದಿರಬೇಕು, ಆರು ತಿಂಗಳ ಕಾಯೋದನ್ನ ಸಂದರ್ಭ ನೋಡಿ ಕೋರ್ಟು ಬಿಡಬಹುದು ಅಂತ 2017ರ ಅಮರ್‌ದೀಪ್ ಸಿಂಗ್ ತೀರ್ಪು ಬಂದ ಮ್ಯಾಲ ಇದು ಲಗೂನ ಮುಗಿಯೋ ದಾರಿ. ಆ ಕಡೆ ವಕೀಲರು ಇದಕ್ಕ ತಯಾರಿದ್ರು, ಆದ್ರ ಷರತ್ತು ಏನಂದ್ರ ಒಂದು ಲಕ್ಷ ಕೊಡ್ತೀವಿ, ಕೂಸಿನ ಸಲುವಾಗಿ ಮುಂದ ಏನೂ ಕೇಳಬಾರದು. ಕೂಸಿನ ಹಕ್ಕು ತಾಯಿ ಸಹಿ ಮಾಡಿ ಬಿಟ್ಟುಕೊಡೋಹಂಥಾದ್ದಲ್ಲ. ಸೀನಿಯರ್ ಅಲ್ಲೇ ಬ್ಯಾಡ ಅಂದ್ರು. ಉಳದದ್ದು ಮೂರನೇದ್ದು, ಕಲಂ 23ಎ. ಗಂಡ ಹಾಕಿದ ಕೇಸಿನ್ಯಾಗನ ಹೆಂಡ್ತಿ ಪ್ರತಿಕ್ಲೇಮು ಹಾಕಿ, ಅಂವನ ಕ್ರೌರ್ಯದ ಮ್ಯಾಲ ತಾನ ಡೈವೋರ್ಸ್ ಕೇಳಬಹುದು, ಬ್ಯಾರೆ ಕೇಸು ಹಾಕೋದು ಬೇಕಿಲ್ಲ.

ಡ್ರಾಫ್ಟ್ ಬರದಾಕಿ ನಾನು. ಕ್ರೌರ್ಯದ ಜೋಡಿ ಪರಿತ್ಯಾಗನೂ ಹಾಕಿದ್ದೆ, ಖರೇ ಬಿಟ್ಟಾಂವ ಅಂವ ಅಲ್ಲೇನು ಅಂತ. ಸೀನಿಯರ್ ಆ ಪ್ಯಾರಾಕ್ಕ ಗೀಟು ಹೊಡದ್ರು. ‘ಆ ಬಾಂಡ್ ಪೇಪರಿನ ಮ್ಯಾಲ ಈಕಿ ಸಹಿನೂ ಐತಿ. ಒಪ್ಪಿ ಬ್ಯಾರೆ ಆದ್ವಿ ಅನ್ನೋ ಕಾಗದ ಇಟ್ಕೊಂಡು ಅಂವ ಪರಿತ್ಯಾಗ ಅನ್ನಾಕ ಬರೂದಿಲ್ಲಂದ್ರ, ನಾವೂ ಅನ್ನಾಕ ಬರೂದಿಲ್ಲ. ಆ ಕತ್ತಿಗೆ ಎರಡೂ ಕಡೆ ಹರಿತ ಐತಿ’ ಅಂದ್ರು. ಅವತ್ತು ನಾ ಕಲತದ್ದು ಇಷ್ಟ: ಕಕ್ಷಿದಾರರಿಗೆ ಆದ ಅನ್ಯಾಯಕ್ಕ ಎಷ್ಟು ಹೆಸರು ಕೊಡಬಹುದೋ ಅಷ್ಟೂ ಕೊಡೋದು ವಕೀಲಿಕಿ ಅಲ್ಲ, ಸಾಬೀತು ಮಾಡಾಕ ಬರೋ ಒಂದು ಹೆಸರು ಆರಿಸೋದು.

ಕಲಂ 24ರ ಮಧ್ಯಂತರ ಜೀವನಾಂಶದ ಅರ್ಜಿ ಹಾಕಿದ್ವಿ. 2020ರ ರಜನೀಶ್ ಮತ್ತ ನೇಹಾ ತೀರ್ಪು ಬಂದ ಮ್ಯಾಲ ಇಬ್ಬರೂ ತಮ್ಮ ಆಸ್ತಿ, ಸಾಲ, ಗಳಿಕಿ ಎಲ್ಲಾ ಅಫಿಡವಿಟ್ಟಿನ್ಯಾಗ ಬರದು ಕೊಡಬೇಕು. ಅಂವ ಮಗ್ಗ ಅಪ್ಪನ ಹೆಸರಿಗದಾವ, ನಾ ಕೂಲಿ ಅಂತ ಬರದ. ಆರು ಸಾವಿರ ಆತು, ಆಕಿಗೂ ಕೂಸಿಗೂ ಕೂಡಿ, ಆದೇಶ ಬರಾಕ ಏಳು ತಿಂಗಳು. ಅರವತ್ತು ದಿನದಾಗ ಮುಗಸಾಕ ನೋಡ್ರಿ ಅಂತ ಕಾಯ್ದೆ ಹೇಳತೈತಿ. ಆ ಏಳು ತಿಂಗಳೂ ಆಕಿ ಶಕ್ತಿ ಬಸ್ಸಿನ್ಯಾಗ ಪುಕ್ಕಟೆ ನವನಗರಕ್ಕ ಬರತಿದ್ಲು, ಅಪ್ಪ ಮಾತ್ರ ಟಿಕೆಟ್ ತಗೊಂಡು ಜೋಡಿ ಬರತಿದ್ದ, ಅಂವನ ಒಂದು ದಿನದ ಕೂಲಿನೂ ಹೋಗತಿತ್ತು. ಒಂದು ತಾರೀಖು ಸುಮ್ಮನ ಮುಂದ ಹೋದ್ರ ಇಂಥ ಮನಿಗೆ ಅದು ಎಷ್ಟಕ್ಕ ಬೀಳತೈತಿ ಅಂತ ನಮ್ಮ ವಕೀಲರ ಮಂದಿ ಸ್ವಲ್ಪ ವಿಚಾರ ಮಾಡಬೇಕು.

ನಡುವ ರಾಜಿಗೆ ಕಳಿಸಿದ್ರು, ಅದು ಕೋರ್ಟಿನ ಕರ್ತವ್ಯ. ಅಲ್ಲಿ ಅಂವ ಏನೋ ಒಂದು ಮಾತಂದ, ನಮ್ಮ ಕೇಸಿಗೆ ಬಂಗಾರದಂಥ ಮಾತು, ನಾ ಬರಕೊಳ್ಳಾಕ ಹೋದೆ. ಸೀನಿಯರ್ ಪೆನ್ ಇಡಸಿದ್ರು. ಮೀಡಿಯೇಷನ್ನಿನ್ಯಾಗ ಆಡಿದ್ದು ಅಲ್ಲೇ ಉಳೀಬೇಕು, ಅದನ್ನ ಸಾಕ್ಷಿ ಮಾಡೋಹಂಗಿಲ್ಲ, ಇಲ್ಲಂದ್ರ ಯಾರೂ ಅಲ್ಲಿ ಬಾಯಿ ಬಿಡೂದಿಲ್ಲ. ಅದಕ್ಕ ಇಲ್ಲೂ ಅದನ್ನ ಬರಿಯಾಕತ್ತಿಲ್ಲ.

ಕೇಸು ತಿರಗಿದ್ದು ಅಂವನ ಕ್ರಾಸಿನ್ಯಾಗ, ಅಂದ್ರ ನಮ್ಮ ಕಡಿಂದ ಅಂವಗ ಹಾಕಿದ ಪಾಟೀಸವಾಲಿನ್ಯಾಗ. ಅಂವ ಚೀಫ್ ಅಫಿಡವಿಟ್ (ತನ್ನ ಸಾಕ್ಷಿ ಬರದು ಕೊಟ್ಟ ಪ್ರಮಾಣಪತ್ರ) ಜೋಡಿ ಬಾಂಡ್ ಪೇಪರ್ ತಾನ ಹಾಜರ ಮಾಡಿದ್ದ, ನಿಶಾನಿ ಪಿ 3 ಅಂತ ಗುರುತಾತು. ಅಂವಗ ಅದು ತನ್ನ ಕೈಯಾಗಿನ ಬ್ರಹ್ಮಾಸ್ತ್ರ ಅನಸಿತ್ತು. ಸೀನಿಯರ್ ದನಿ ಏರಿಸಲಿಲ್ಲ. ಹೆಂಡ್ತಿನ ಕರೀಲಿಕ್ಕೆ ಎಷ್ಟು ಸಲ ಕಲಾದಗಿಗೆ ಹೋಗಿದ್ರಿ? ಹೋಗಿಲ್ಲ. ಬಾ ಅಂತ ನೋಟಿಸ್ ಕೊಟ್ಟೀರೇನು? ಇಲ್ಲ. ಕೂಡಿ ಬಾಳಾಕ ಕಳಿಸ್ರಿ ಅಂತ ಕಲಂ 9ರ ಅರ್ಜಿ? ಇಲ್ಲ. ಈ ಪಿ 3 ಬರಸಿದ್ದು ನಿಮ್ಮ ಇಚ್ಛಾದಿಂದಾನಾ? ‘ಹೌದ್ರಿ, ಇಬ್ಬರೂ ಒಪ್ಪೇ ಬ್ಯಾರೆ ಆದ್ವಿ.’ ಅವತ್ತಿನಿಂದ ಆಕಿ ಬ್ಯಾರೆ ಇರೋದು ನಿಮಗೂ ಬೇಕಾಗಿತ್ತು? ‘ಹೌದ್ರಿ.’ ಅಲ್ಲಿಗೆ ಪರಿತ್ಯಾಗ ಮುಗೀತು. ತಾನು ಒಪ್ಪಿದ ಮ್ಯಾಲ ನನ್ನ ಒಪ್ಪಿಗಿ ಇಲ್ಲದ ಬಿಟ್ಟು ಹೋದ್ಲು ಅನ್ನಾಕ ಬರೂದಿಲ್ಲ. ರೂಢಿ ಸೋಡಚೀಟಿ ಅನ್ನಾಕೂ ಬರೂದಿಲ್ಲ, ಪೆಟಿಷನ್ನಿನ್ಯಾಗ ರೂಢಿ ಬಗ್ಗೆ ಒಂದು ಸಾಲೂ ಇರಲಿಲ್ಲ, ಮತ್ತ ಆಗಲೇ ಡೈವೋರ್ಸ್ ಆಗಿದ್ರ ಈಗ ಇನ್ನೊಮ್ಮೆ ಕೇಳೋದು ಏನು? ಅಂವ ಕಟಕಟಿಯಿಂದ ಇಳಿಯೋವಾಗ ತನ್ನ ವಕೀಲರ ಮುಖ ನೋಡಿದ, ತಾ ಏನು ತಪ್ಪು ಹೇಳಿದೆ ಅಂತ ಅಂವಗ ತಿಳದಿರಲಿಲ್ಲ. ಅಂವ ಸುಳ್ಳ ಹೇಳಿರಲಿಲ್ಲ, ಅವತ್ತು ಅಂವ ಹೇಳಿದ್ದು ಖರೇನ.

ಆದ್ರ ಅಂವಂದು ಬಿದ್ರ ನಮ್ದು ಗೆದ್ದಂಗ ಅಲ್ಲ, ಕ್ರೌರ್ಯ ನಾವ ಸಾಬೀತು ಮಾಡಬೇಕು. ಕ್ರೌರ್ಯ 1976ರ ತಿದ್ದುಪಡಿಕಿಂತ ಮೊದಲು ಡೈವೋರ್ಸಿಗೆ ಕಾರಣ ಆಗಿರಲಿಲ್ಲ, ಬರೇ ನ್ಯಾಯಿಕ ಪ್ರತ್ಯೇಕತೆಗೆ, ಅಂದ್ರ ಲಗ್ನ ಮುರೀದ ಬ್ಯಾರೆ ಇರಾಕ, ಇತ್ತು. ಇದಕ್ಕ ಕ್ರಿಮಿನಲ್ ಕೇಸಿನಂಗ ಅನುಮಾನಕ್ಕ ಜಾಗಾ ಇಲ್ಲದಷ್ಟು ಪುರಾವೆ ಬೇಕಿಲ್ಲ, ಯಾರದು ಹೆಚ್ಚು ಸಂಭವ ಅಂತ ತೂಗಿ ನೋಡಬೇಕು ಅಂತ 1975ರ ದಾಸ್ತಾನೆ ಕೇಸಿನ್ಯಾಗ ಹೇಳ್ಯಾರ. ಬನಹಟ್ಟಿಯ ಬಾಜೂ ಮನಿ ಹೆಣ್ಮಗಳು ಎಲ್ಲಾ ನೋಡಿದ್ಲು, ಸಾಕ್ಷಿ ಹೇಳಾಕ ಬರಲಿಲ್ಲ, ಆಕಿ ಗಂಡ ಅದ ಮನಿ ಮಗ್ಗದ ಮ್ಯಾಲ ದುಡಿಯಾಂವ, ಆಕಿನ್ನ ನಾ ಬಯ್ಯೂದಿಲ್ಲ. ನಮ್ಮ ಕೈಯಾಗ ಇದ್ದದ್ದು ಮೂರು ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜು, ದುಡ್ಡು ತರದಿದ್ರ ಹೊಸ್ತಿಲಾ ತುಳೀಬ್ಯಾಡ ಅನ್ನೋ ಗಂಡನ ದನಿ, ಒಡದ ಸ್ಕ್ರೀನಿನ ಹಳೆ ಫೋನಿನ್ಯಾಗ. ಆ ಫೋನು ಮಾರದ ಇಟ್ಟಿದ್ದಕ್ಕ ಕೇಸು ಉಳೀತು. ಜುಲೈ 1, 2024ರಿಂದ ಹೊಸಾ ಸಾಕ್ಷ್ಯ ಕಾಯ್ದೆ ಬಂದೈತಿ, ಆದ್ರ ಈ ಕೇಸು ಅದಕಿಂತ ಮೊದಲಿಂದ ನಡದದ್ದಕ್ಕ ಹಳೆ ಕಾಯ್ದೆ ಕಲಂ 65ಬಿ ಸರ್ಟಿಫಿಕೇಟ್ ಜೋಡಿ ಕೊಡಬೇಕು, ಬರೇ ಪೆನ್‌ಡ್ರೈವ್ ಕೊಟ್ರ ನಡಿಯೂದಿಲ್ಲ. ಇನ್ನೊಬ್ಬರು ಸಾಕ್ಷಿ ಆಶಾ ಕಾರ್ಯಕರ್ತೆ ಅಕ್ಕಾರು. ಕೂಸಿಗೆ ನ್ಯುಮೋನಿಯಾ ಆಗಿ ಅಡ್ಮಿಟ್ ಮಾಡಿದಾಗ ತಂದಿಗೆ ಫೋನ್ ಹಚ್ಚಿದ್ದು ಅವರ, ಅಂವ ಬರಲಿಲ್ಲ ಅಂತ ಹೇಳಿದ್ರು, ಅಷ್ಟ, ಒಂದು ಮಾತು ಹೆಚ್ಚಿಲ್ಲ ಕಡಿಮಿಲ್ಲ.

ಆ ಕಡೆ ವಕೀಲರು ಚಲೋ ವಾದ ಮಾಡಿದ್ರು. ತೊಟ್ಟಿಲಕ್ಕ ಬರದಿದ್ದು, ಮೊದಲಿನ ಜಗಳ ಎಲ್ಲಾ ಆಕಿ ಮಾಫ್ ಮಾಡೇ 2020ರ ಸೆಪ್ಟೆಂಬರಿನ್ಯಾಗ ತಿರುಗಿ ಬಂದಿದ್ಲು, ಮಾಫ್ ಮಾಡಿದ್ದನ್ನ ಮತ್ತ ಎತ್ತಾಕ ಕಲಂ 23 ಬಿಡೂದಿಲ್ಲ ಅಂತ. ದಾಸ್ತಾನೆ ಕೇಸಿನ್ಯಾಗೂ ಹಂಗ ಆಗಿತ್ತು, ಕ್ರೌರ್ಯ ಖರೇ ಅಂದು, ಗಂಡ ಅದನ್ನ ಮಾಫ್ ಮಾಡ್ಯಾನ ಅಂತ ಅಂವಗ ಪರಿಹಾರ ಕೊಡಲಿಲ್ಲ. ಆದ್ರ ಅದ ತೀರ್ಪಿನ್ಯಾಗ ಇನ್ನೊಂದು ಮಾತೈತಿ, ಮಾಫಿ ಅನ್ನೋದು ಮುಂದ ಹಂಗ ಮಾಡೂದಿಲ್ಲ ಅನ್ನೋ ಷರತ್ತಿನ ಮ್ಯಾಲ ಇರತೈತಿ, ಮತ್ತ ತಪ್ಪು ಮಾಡಿದ್ರ ಹಳೇದೂ ಜೀವಾ ಪಡೀತೈತಿ. ಆಕಿ ತಿರುಗಿ ಹೋದ ಮ್ಯಾಲನ ಕೈ ಮಾಡಿದ್ದು, ದುಡ್ಡು ಕೇಳಿದ್ದು, ಬಸ್ ಹತ್ತಿಸಿದ್ದು. 2007ರ ಸಮರ್ ಘೋಷ್ ತೀರ್ಪಿನ ಪ್ರಕಾರ ಮಾನಸಿಕ ಕ್ರೌರ್ಯಕ್ಕ ಒಂದ ಅಳತಿ ಇಲ್ಲ, ಸಂಸಾರ ಇಡಿಯಾಗಿ ನೋಡಬೇಕು. ಆಕಿ ಕ್ರಾಸಿನ್ಯಾಗ ಅಳಲಿಲ್ಲ. ‘ಮತ್ಯಾಕ ತಿರುಗಿ ಹೋದಿ?’ ಅಂತ ಕೇಳಿದಾಗ, ‘ಸಂಸಾರ ಮಾಡಾಕ್ರಿ’ ಅಂದ್ಲು.

ತೀರ್ಪು 2025ರ ಕೊನಿಗೆ ಬಂತು. ಗಂಡನ ಅರ್ಜಿ ವಜಾ, ಪರಿತ್ಯಾಗ ಸಾಬೀತಾಗಿಲ್ಲ. ಹೆಂಡ್ತಿ ಪ್ರತಿಕ್ಲೇಮು ಮಂಜೂರು, ಕ್ರೌರ್ಯದ ಮ್ಯಾಲ ಡೈವೋರ್ಸ್. ಕಲಂ 25ರಾಗ ಕಾಯಂ ಜೀವನಾಂಶ ಮೂರೂವರಿ ಲಕ್ಷ, ಎರಡು ಕಂತಿನ್ಯಾಗ, ಕೂಸಿಗೆ ತಿಂಗಳಾ ನಾಕು ಸಾವಿರ. ಹೊಲಿಗಿ ಮಿಷಿನ್ ತಿರುಗಿ ಕೊಡಬೇಕು ಅಂತನೂ ಬರದಾರ. ಅಂವ ಬೇಕಂದ್ರ ಧಾರವಾಡ ಪೀಠಕ್ಕ ಅಪೀಲು ಹೋಗಬಹುದಿತ್ತು, ಹೋಗಲಿಲ್ಲ.

ಸರ್ಟಿಫೈಡ್ ಕಾಪಿ ಕೈಗೆ ಬಂದ ದಿನ ಆಕಿ ದುಡ್ಡಿನ ಸುದ್ದಿ ಕೇಳಲಿಲ್ಲ. ‘ಅಕ್ಕಾರ, ನಾ ಬಿಟ್ಟು ಬಂದಿಲ್ಲ ಅಂತ ಎಲ್ಲಿ ಬರದಾರ, ಆ ಸಾಲ ಓದ್ರಿ’ ಅಂದ್ಲು. ಓದಿದೆ. ಇನ್ನೊಮ್ಮೆ ಓದಸ್ಕೊಂಡ್ಲು. ಆಮ್ಯಾಲ ಅಪ್ಪನ್ನ ಕಳಿಸಿ ಆ ಪುಟ ಎರಡು ಝೆರಾಕ್ಸ್ ಮಾಡಸಿದ್ಲು, ಒಂದು ತನಗ, ಇನ್ನೊಂದು ಬಾಂಡ್ ಪೇಪರ್ ಬರಸಿದ ಹಿರ್ಯಾರ ಮನಿಗೆ. ಮಿಷಿನ್ ಟಂಟಂ ಗಾಡಿದಾಗ ಬಂತು, ಬೆಲ್ಟ್ ಹೋಗಿತ್ತು, ಹಾಕಿಸ್ಯಾಳ, ಈಗ ಊರಾಗ ಜಂಪರ್ ಹೊಲೀತಾಳ. ಎರಡನೇ ಕಂತು ಇನ್ನೂ ಬಂದಿಲ್ಲ, ತೀರ್ಪು ಜಾರಿ ಮಾಡಸೋ ಎಕ್ಸಿಕ್ಯೂಷನ್ ಪೆಟಿಷನ್ ತಯಾರು ಮಾಡಾಕತ್ತೀನಿ, ಈ ಸಲದ ಡ್ರಾಫ್ಟೂ ನಂದ.